ರಾಡಿ ನೀರು ಬಂಡೆಯೊಳಗೆ ಹೋದಾಗ: ಬೋರು, ಬಾವಿ ಮರುಪೂರಣ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಗಾರು ಶುರುವಾಯಿತೆಂದರೆ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯಿಂದ, ಬಾದಾಮಿ, ಹುನಗುಂದ, ಸವದತ್ತಿ ಕಡೆಯಿಂದ ಫೋನು ಬರತೊಡಗುತ್ತವೆ. "ಇಂಗುಗುಂಡಿ ತೋಡೀವಿ, ನೀರು ಇಂಗವಲ್ದು." "ಹೊಲದ ನೀರು ಬೋರಿಗೆ ಬಿಟ್ವಿ, ಈಗ ಇದ್ದ ನೀರೂ ಕಡಿಮಿ ಆತು." "ಮಳಿ ಆದ ಮರುದಿನ ಬೋರಿನ್ಯಾಗ ಕೆಂಪು ನೀರು ಬರಾಕತ್ತೈತಿ." ಮೂರೂ ಬೇರೆ ಬೇರೆ ದೂರುಗಳಂತೆ ಕೇಳಿಸಿದರೂ ಬೇರು ಒಂದೇ. ನೀರಿನಲ್ಲಿ ತೇಲುವ ಸಣ್ಣ ಕಣಗಳು ಕಲ್ಲಿನ ರಂಧ್ರಗಳಲ್ಲಿ ಹೇಗೆ ಸಾಗುತ್ತವೆ, ಎಲ್ಲಿ ನಿಲ್ಲುತ್ತವೆ, ಮತ್ತೆ ಯಾವಾಗ ಬಿಟ್ಟು ಹೊರಡುತ್ತವೆ ಎಂಬುದು. ಜನ ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

ಕಲ್ಲು ಅಂದ್ರ ಗಟ್ಟಿ. ಅದರಾಗ ನೀರು ಹೋಗೂದು ಹೆಂಗ?

ನಿಮ್ಮ ಊರು ಯಾವುದು ಎಂದು ಮೊದಲು ಕೇಳಬೇಕಾಗುತ್ತದೆ, ಏಕೆಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಕಲ್ಲು ಒಂದೇ ತೆರನಾಗಿಲ್ಲ.

ವಿಜಯಪುರ ಜಿಲ್ಲೆಯ ಬಹುಭಾಗದಲ್ಲಿ ಕಾಲಡಿಗೆ ಇರುವುದು ಕರಿಕಲ್ಲು, ಅಂದರೆ ಬಸಾಲ್ಟ್. ಲಾವಾ ಪದರದ ಮೇಲೆ ಪದರವಾಗಿ ಹರಿದು ತಣಿದು ಆದ ಕಲ್ಲು. ಅದರ ಗಟ್ಟಿ ಭಾಗದಲ್ಲಿ ನೀರಿಗೆ ಜಾಗವೇ ಇಲ್ಲವೆನ್ನಬೇಕು. ನೀರು ನಿಲ್ಲುವುದು ತಣಿಯುವಾಗ ಬಿದ್ದ ಬಿರುಕುಗಳಲ್ಲಿ, ಮೇಲಿನ ಸವೆದ ಗರಸಿನ ಪದರದಲ್ಲಿ, ಮತ್ತು ಲಾವಾದ ಗಾಳಿಗುಳ್ಳೆಗಳು ಉಳಿಸಿಹೋದ ತೂತು ತೂತಾದ ಪದರದಲ್ಲಿ. ತೂತುಗಳಿದ್ದ ಮಾತ್ರಕ್ಕೆ ನೀರು ಹರಿಯುತ್ತದೆಂದು ತಿಳಿಯಬೇಡಿ. ಎಷ್ಟೋ ತೂತುಗಳು ಒಂದಕ್ಕೊಂದು ಕೂಡಿರುವುದಿಲ್ಲ, ಎಷ್ಟೋ ತೂತುಗಳಲ್ಲಿ ಬಿಳಿ ಖನಿಜ ತುಂಬಿರುತ್ತದೆ.

ಬಾದಾಮಿಯದು ಮರಳುಗಲ್ಲು. 578ರ ಶಾಸನವಿರುವ ಮೂರನೆಯ ಗುಹೆಯ ಗೋಡೆಯನ್ನು ಹತ್ತಿರದಿಂದ ನೋಡಿದವರಿಗೆ ಉಸುಕಿನ ಕಾಳುಗಳು ಕಂಡಿರುತ್ತವೆ. ಕಾಳು ಕಾಳಿನ ನಡುವೆ ಸಣ್ಣ ಖಾಲಿ ಜಾಗ, ಆ ಜಾಗಗಳನ್ನು ಕೂಡಿಸುವ ಇನ್ನೂ ಸಣ್ಣ ಕುತ್ತಿಗೆ. ಗೋಕಾಕದ ಕಡೆ ಹೋದರೆ ಅದೇ ಬಗೆಯ ಉಸುಕು ಒತ್ತಿ ಬಿಗಿದು ಕ್ವಾರ್ಟ್ಜೈಟ್ ಆಗಿದೆ. ಘಟಪ್ರಭಾ ಸುಮಾರು 52 ಮೀಟರ್ ಧುಮುಕುವ ಆ ಬಂಡೆಯಲ್ಲಿ ಕಾಳಿನ ನಡುವೆ ಜಾಗ ತೀರ ಕಡಿಮೆ, ನೀರು ಸಂದಿಗಳಲ್ಲೇ ಹಾದುಹೋಗಬೇಕು. ಬಾಗಲಕೋಟೆ, ಲೋಕಾಪುರದ ಸುಣ್ಣಗಲ್ಲಿನ ಸಂಗತಿ ಇನ್ನೊಂದು: ನೀರು ಕಲ್ಲನ್ನೇ ಕರಗಿಸಿ ಸಂದಿಯನ್ನು ಅಗಲ ಮಾಡಿಕೊಳ್ಳಬಲ್ಲದು.

ರಾಡಿ, ಬಗ್ಗಡ ಅಂತೀವಲ್ಲ, ಅದರಾಗ ಇರೂದರ ಏನು?

ಮೈಕ್ರಾನ್ ಎಂಬ ಅಳತೆ ಬೇಕಾಗುತ್ತದೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲು 50ರಿಂದ 100 ಮೈಕ್ರಾನ್ ದಪ್ಪ. ಉಸುಕಿನ ಕಾಳು ಸುಮಾರು 60 ಮೈಕ್ರಾನಿನಿಂದ 2 ಮಿಲಿಮೀಟರ್‌ವರೆಗೆ. ಅದಕ್ಕಿಂತ ಸಣ್ಣದು ರೇವೆ. 2 ಮೈಕ್ರಾನಿಗಿಂತ ಕೆಳಗಿನದು ಜೇಡಿ. ಒಂದು ಮೈಕ್ರಾನಿಗೂ ಕಡಿಮೆ ಇರುವ ಕಣಗಳಿಗೆ ಕಲಿಲ ಎಂದು ಹೆಸರು. ಹಾಲು, ಮಸಿ, ನಮ್ಮ ಎರೆಹೊಲದ ಮಳೆನೀರು, ಮೂರೂ ಕಲಿಲಗಳೇ.

ಇವು ತಾವಾಗಿ ತಳಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು? ಸ್ಟೋಕ್ಸ್ 1851ರಲ್ಲಿ ಕೊಟ್ಟ ನಿಯಮದಿಂದ ಲೆಕ್ಕ ಹಾಕಬಹುದು. ಅಲುಗಾಡದ ನೀರಿನಲ್ಲಿ ಒಂದು ಮೀಟರ್ ಇಳಿಯಲು 50 ಮೈಕ್ರಾನಿನ ಕಣಕ್ಕೆ ಏಳೆಂಟು ನಿಮಿಷ ಸಾಕು. 20 ಮೈಕ್ರಾನಿನದಕ್ಕೆ ಮುಕ್ಕಾಲು ತಾಸು. 2 ಮೈಕ್ರಾನಿನದಕ್ಕೆ ಮೂರು ದಿನ. 1 ಮೈಕ್ರಾನಿನದಕ್ಕೆ ಹತ್ತಿರಹತ್ತಿರ ಹದಿಮೂರು ದಿನ. ಮೈಕ್ರಾನಿನ ಹತ್ತನೇ ಒಂದು ಪಾಲಿನದಕ್ಕೆ ಮೂರು ವರ್ಷದ ಮೇಲೆ. ಕಣದ ಅಡ್ಡಳತೆ ಅರ್ಧವಾದರೆ ಇಳಿಯುವ ವೇಗ ಕಾಲು ಭಾಗಕ್ಕೆ ಬೀಳುತ್ತದೆ. ಇಡೀ ವಿಷಯದಲ್ಲಿ ಒಂದೇ ಒಂದು ಲೆಕ್ಕ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಕೃಷಿ ಹೊಂಡದಲ್ಲಿ ಒಂದು ರಾತ್ರಿ ನಿಂತ ನೀರು ಯಾವ ಮಣ್ಣನ್ನು ಬಿಟ್ಟಿರುತ್ತದೆ, ಯಾವುದನ್ನು ಬಿಟ್ಟಿರುವುದಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಉಸುಕು, ಬಂಡಿಗಲ್ಲು ಎಲ್ಲಾ ಜರಡಿ ಇದ್ದಂಗ. ಹೊಲಸು ಮ್ಯಾಲೆ ನಿಂತು ನೀರು ಕೆಳಗ ಹೋಗತೈತಿ, ಹೌದಲ್ಲ?

ಎಲ್ಲರೂ ಹೀಗೇ ಅಂದುಕೊಂಡಿರುತ್ತಾರೆ. ಮರುಪೂರಣದ ತಪ್ಪುಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಈ ತಿಳಿವಳಿಕೆಯಿಂದಲೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಒಂದೇ ಅಳತೆಯ ಮೂರು ಗೋಲಿಗಳನ್ನು ಒಂದಕ್ಕೊಂದು ತಾಗಿಸಿ ಇಡಿ. ನಡುವೆ ಉಳಿಯುವ ಕಿಂಡಿಯಲ್ಲಿ ಹಾದುಹೋಗಬಲ್ಲ ಅತಿ ದೊಡ್ಡ ಗುಂಡು ಗೋಲಿಯ ಅಡ್ಡಳತೆಯ ನೂರಕ್ಕೆ ಹದಿನೈದು ಪಾಲಿನಷ್ಟಿರುತ್ತದೆ. ಈಗ ಗೋಲಿಯ ಬದಲು ಅರ್ಧ ಮಿಲಿಮೀಟರಿನ ಉಸುಕಿನ ಕಾಳು ಎಂದುಕೊಳ್ಳಿ. ಕಿಂಡಿ ಸುಮಾರು 77 ಮೈಕ್ರಾನ್. ಜೇಡಿಯ ಕಣ ಒಂದು ಮೈಕ್ರಾನ್. ಅಗಸೆ ಬಾಗಿಲೊಳಗೆ ಇರುವೆ ಹೊಕ್ಕ ಹಾಗೆ. ಜರಡಿಯ ಲೆಕ್ಕದಲ್ಲಿ ಉಸುಕು ಜೇಡಿಯನ್ನು ಹಿಡಿಯಲೇಬಾರದು.

ಆದರೂ ಹಿಡಿಯುತ್ತದೆ. ಲಂಡನ್ನಿನ ಚೆಲ್ಸಿಯಾದಲ್ಲಿ ಜೇಮ್ಸ್ ಸಿಂಪ್ಸನ್ 1829ರಲ್ಲಿ ಥೇಮ್ಸ್ ನದಿಯ ನೀರನ್ನು ಉಸುಕಿನ ಹಾಸಿನಲ್ಲಿ ನಿಧಾನ ಇಳಿಬಿಟ್ಟು ತಿಳಿಯಾಗಿಸಿ ಊರಿಗೆ ಕೊಟ್ಟರು. ಅಂದಮೇಲೆ ಹಿಡಿಯುವ ಕೆಲಸ ಕಿಂಡಿಯದಲ್ಲ, ಕಾಳಿನ ಮೈಯದು. ಕಣ ಹೋಗಿ ಕಾಳಿಗೆ ತಾಗಬೇಕು, ತಾಗಿದ್ದು ಅಂಟಬೇಕು. ಉಸುಕು ಅಥವಾ ಬಂಡೆ ಕೆಲಸ ಮಾಡುವುದು ಬೆಲ್ಲದ ಅಚ್ಚಿಗೆ ನೊಣ ಅಂಟುವ ಹಾಗೆ, ರೊಟ್ಟಿ ಹಿಟ್ಟು ಸಾಣಿಸುವ ಹಾಗೆ ಅಲ್ಲವೇ ಅಲ್ಲ.

ಜರಡಿಯ ಕೆಲಸವೂ ಸ್ವಲ್ಪ ನಡೆಯುತ್ತದೆ, ಕಣ ಕಿಂಡಿಗೆ ಹೋಲಿಸಿದರೆ ದೊಡ್ಡದಿದ್ದಾಗ. ಎಣ್ಣೆಬಾವಿ ಕೊರೆಯುವವರು ಬಳಸುವ ಒಂದು ರೂಢಿಯ ಲೆಕ್ಕವಿದೆ. ಕಣ ಕಿಂಡಿಯ ಮೂರನೇ ಒಂದು ಪಾಲಿಗಿಂತ ದೊಡ್ಡದಿದ್ದರೆ ಎರಡು ಮೂರು ಸೇರಿ ಬಾಯಿಗೆ ಕಮಾನು ಕಟ್ಟಿ ನಿಲ್ಲುತ್ತವೆ. ಏಳನೇ ಒಂದು ಪಾಲಿಗಿಂತ ಸಣ್ಣದಿದ್ದರೆ ಬಹುಮಟ್ಟಿಗೆ ಹಾದುಹೋಗುತ್ತವೆ. ಇವೆರಡರ ನಡುವಿನವು ಒಳಗೆ ಹೊಕ್ಕು ಅಲ್ಲಿ ಸಿಕ್ಕಿಬೀಳುತ್ತವೆ. ಬಾವಿಗೆ, ಬೋರಿಗೆ ಹೆಚ್ಚು ಕೆಡುಕು ಮಾಡುವವು ಈ ನಡುವಿನವೇ. ಮೇಲೆ ನಿಂತದ್ದನ್ನು ಸಲಿಕೆಯಿಂದ ಕೆರೆದು ತೆಗೆಯಬಹುದು, ಒಳಗೆ ಸಿಕ್ಕದ್ದನ್ನು ತೆಗೆಯುವ ಬಗೆ ಸುಲಭವಿಲ್ಲ.

ಹಂಗಾರ ಕಣ ಕಾಳಿಗೆ ತಾಗೂದು ಹೆಂಗ?

ಮೂರು ದಾರಿ. ನೀರಿನ ಜೊತೆ ಕಾಳಿನ ಪಕ್ಕದಲ್ಲೇ ಸಾಗುವಾಗ ಮೈ ಒರೆಸಿಕೊಂಡು ಹೋಗುವುದು ಒಂದು. ಭಾರಕ್ಕೆ ಕೆಳಗಿಳಿದು ಕಾಳಿನ ನೆತ್ತಿಯ ಮೇಲೆ ಕೂರುವುದು ಇನ್ನೊಂದು. 10 ಮೈಕ್ರಾನಿನ ಕಣ ಒಂದು ಸೆಕೆಂಡಿನಲ್ಲಿ ಸುಮಾರು 90 ಮೈಕ್ರಾನ್ ಇಳಿಯುತ್ತದೆ, ಕಿಂಡಿ ದಾಟುವ ಮುಂಚೆಯೇ ಕೂತುಬಿಡುತ್ತದೆ. ಮೂರನೆಯದು ಕಣದ ಚಡಪಡಿಕೆ. ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದುವುದರಿಂದ ಸಣ್ಣ ಕಣ ನಿಂತಲ್ಲಿ ನಿಲ್ಲುವುದಿಲ್ಲ. ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್ 1827ರಲ್ಲಿ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು, ಐನ್‌ಸ್ಟೈನ್ 1905ರಲ್ಲಿ ಲೆಕ್ಕ ಕೊಟ್ಟರು. ಆ ಲೆಕ್ಕದಂತೆ ಮೈಕ್ರಾನಿನ ಹತ್ತನೇ ಒಂದು ಪಾಲಿನ ಕಣ ಒಂದು ತಾಸಿನಲ್ಲಿ ಅತ್ತಿತ್ತ ಅಲೆದು ಸುಮಾರು 0.2 ಮಿಲಿಮೀಟರ್ ಸರಿದಿರುತ್ತದೆ. ಕಿಂಡಿಯ ಅಗಲಕ್ಕೆ ಅದು ಬೇಕಾದಷ್ಟಾಯಿತು.

ದೊಡ್ಡವು ಭಾರಕ್ಕೆ ತಾಗುತ್ತವೆ, ತೀರ ಸಣ್ಣವು ಚಡಪಡಿಸಿ ತಾಗುತ್ತವೆ. ನಡುವೆ, ಒಂದು ಮೈಕ್ರಾನಿನ ಆಸುಪಾಸಿನವಕ್ಕೆ ಭಾರವೂ ಸಾಲದು, ಚಡಪಡಿಕೆಯೂ ಸಾಲದು. ಉಸುಕಿನ ಸೋಸುವಿಕೆಯಲ್ಲಿ ಎಲ್ಲಕ್ಕಿಂತ ಸುಲಭವಾಗಿ ತಪ್ಪಿಸಿಕೊಳ್ಳುವ ಅಳತೆ ಇದೇ ಎಂದು ಯಾವೊ, ಹಬೀಬಿಯನ್, ಓಮೆಲಿಯಾ ಎಂಬ ಮೂವರು 1971ರಲ್ಲಿ ತೋರಿಸಿದರು. ನಮಗೆ ಇದು ಕೆಟ್ಟ ಸುದ್ದಿ, ಎರೆಮಣ್ಣಿನ ಜೇಡಿಯೂ ರೋಗ ತರುವ ಎಷ್ಟೋ ಬ್ಯಾಕ್ಟೀರಿಯಾಗಳೂ ಅದೇ ಅಳತೆಯಲ್ಲಿವೆ.

ಎರಿ ಹೊಲದ ನೀರು ವಾರಗಟ್ಟಲೆ ಇಟ್ರೂ ತಿಳಿ ಆಗೂದಿಲ್ಲ. ತುರಟಿ ಆಡಿಸಿದ್ರ ತಾಸಿನ್ಯಾಗ ತಿಳಿ ಆಕ್ಕೈತಿ. ಯಾಕ?

ಜೇಡಿಯ ಕಣದ ಮೈಮೇಲೆ ಋಣ ವಿದ್ಯುದಂಶವಿದೆ. ಎಲ್ಲ ಕಣಗಳದ್ದೂ ಒಂದೇ ಬಗೆಯಾದ್ದರಿಂದ ಒಂದನ್ನೊಂದು ದೂಡಿಕೊಂಡೇ ಇರುತ್ತವೆ, ಕೂಡಿ ಗಂಟಾಗುವುದಿಲ್ಲ, ಗಂಟಾಗದೆ ಭಾರ ಬರುವುದಿಲ್ಲ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಹಾಳೆ ಹಾಳೆಯಾದ ಜೇಡಿ ಹೆಚ್ಚು. ಅದರ ಒಂದು ಗ್ರಾಮಿನ ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ ಏಳುನೂರು ಚದರ ಮೀಟರಿನ ಮೇಲಾಗುತ್ತದೆ. ಚಿಟಿಕೆ ಮಣ್ಣು ಒಂದು ಹಂಡೆ ನೀರನ್ನು ಬಗ್ಗಡ ಮಾಡುವುದು ಅದಕ್ಕೇ.

ತುರಟಿಯಲ್ಲಿ, ಅಂದರೆ ಪಟಿಕದಲ್ಲಿ, ಅಲ್ಯುಮಿನಿಯಂ ಇದೆ. ಮೂರರಷ್ಟು ಧನ ಅಂಶ ಹೊತ್ತ ಅದು ಕಣಗಳ ಜಗಳ ಬಿಡಿಸುತ್ತದೆ, ಕಣಗಳು ಕೂಡಿ ಹಿಂಜಿದ ಹತ್ತಿಯ ಹಾಗೆ ಗಂಟಾಗಿ ಇಳಿಯುತ್ತವೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ಗಡಸು ನೀರೂ ಇದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ಎರಡು ಬಾಟಲಿಗಳಲ್ಲಿ ಅದೇ ಹೊಲದ ಮಣ್ಣು ಕಲಕಿ, ಒಂದಕ್ಕೆ ಮಳೆನೀರು, ಇನ್ನೊಂದಕ್ಕೆ ಬೋರಿನ ಗಡಸು ನೀರು ಹಾಕಿ ಮರುದಿನ ನೋಡಿ. ಶಾಲೆಗಳಿಗೆ ಹೋದಾಗ ನಾನು ಮೊದಲು ಮಾಡಿಸುವುದೇ ಇದನ್ನು. ಮಕ್ಕಳು ಮಾತಿಲ್ಲದೆ ಎರಡೂ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡುತ್ತ ನಿಲ್ಲುವುದನ್ನು ನೋಡುವುದೇ ನನಗೆ ಖುಷಿ.

ಕಲ್ಲಿನೊಳಗೂ ನಡೆಯುವುದು ಇದೇ. ಉಸುಕಿನ ಕಾಳಿನ ಮೈಯೂ ಋಣವೇ, ಹಾಗಾಗಿ ಜೇಡಿಯನ್ನು ದೂಡುತ್ತದೆ. ನೀರಿನಲ್ಲಿ ಲವಣ ಹೆಚ್ಚಿದ್ದರೆ ಆ ದೂಡುವಿಕೆ ಹತ್ತಿರದಲ್ಲೇ ಕುಗ್ಗಿಹೋಗುತ್ತದೆ, ಕಣ ಮೈಗೆ ಮೈ ಹತ್ತುವಷ್ಟು ಸಮೀಪ ಬರುತ್ತದೆ, ಆಗ ಎಲ್ಲ ವಸ್ತುಗಳ ನಡುವೆ ಇರುವ ಸಣ್ಣ ಸೆಳೆತವೇ ಗೆಲ್ಲುತ್ತದೆ. ಡೆರ್ಯಾಗಿನ್, ಲ್ಯಾಂಡೌ 1941ರಲ್ಲಿ, ವೆರ್ವೆ, ಓವರ್‌ಬೀಕ್ 1948ರಲ್ಲಿ ಈ ಎಳೆದಾಟದ ಲೆಕ್ಕ ಬಿಡಿಸಿದರು. ಕೆಂಪು ಉಸುಕಿನ ವಿಷಯ ಬೇರೆ. ಕಾಳಿನ ಮೇಲಿನ ಕೆಂಪು ಕಬ್ಬಿಣದ ಆಕ್ಸೈಡು. ತಟಸ್ಥಕ್ಕೆ ಹತ್ತಿರದ ನೀರಿನಲ್ಲಿ ಅದರ ಮೈ ಧನವಾಗಿರಬಲ್ಲದು, ಜೇಡಿಯನ್ನು ಕರೆದು ಹಿಡಿದುಕೊಳ್ಳುತ್ತದೆ.

ಒಮ್ಮಿ ಅಂಟಿದ್ ಮ್ಯಾಲೆ ಮುಗೀತಲ್ಲ?

ಮುಗಿಯುವುದಿಲ್ಲ. ಅಂಟಿಸಿದ ಕಾರಣ ಹೋದರೆ ಅಂಟೂ ಹೋಗುತ್ತದೆ.

ಮಳೆನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ವರ್ಷಗಟ್ಟಲೆ ಗಡಸು ನೀರು ನಿಂತ ಬಂಡೆಗೆ ಒಮ್ಮೆಲೆ ಮಳೆನೀರು ಹೊಕ್ಕರೆ ದೂಡುವ ಬಲ ಮತ್ತೆ ಮೇಲೆದ್ದು, ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಬಂಡೆಯದೇ ಜೇಡಿ ಎದ್ದು ಹೊರಡುತ್ತದೆ. ಮುಂದಿನ ಕುತ್ತಿಗೆಯಲ್ಲಿ ಸಿಕ್ಕಿ ಅದನ್ನು ಮುಚ್ಚುತ್ತದೆ. ನೀವು ಬಿಟ್ಟ ನೀರು ಕನ್ನಡಿಯಷ್ಟು ತಿಳಿಯಾಗಿದ್ದರೂ ಹೀಗಾಗಬಹುದು. ಅಮೆರಿಕದ ಓಹಾಯೊದ ಬೆರಿಯಾ ಎಂಬ ಮರಳುಗಲ್ಲಿನ ಮೇಲೆ ಪ್ರಯೋಗ ಮಾಡಿದ ಖಿಲಾರ್, ಫಾಗ್ಲರ್ 1984ರಲ್ಲಿ ತೋರಿಸಿದ್ದು ಇದನ್ನೇ: ಲವಣ ಒಂದು ಮಟ್ಟಕ್ಕಿಂತ ಕೆಳಗಿಳಿದ ಗಳಿಗೆಗೆ ಜೇಡಿ ಕಲ್ಲನ್ನು ಬಿಡುತ್ತದೆ. ಸೋಡಿಯಂ ಹೆಚ್ಚಿರುವ ಸವುಳು ಭೂಮಿಯಲ್ಲಿ ಈ ಅಪಾಯ ಜಾಸ್ತಿ. ಕ್ಯಾಲ್ಸಿಯಂ ಇದ್ದಲ್ಲಿ ಕಡಿಮೆ.

ಎರಡನೆಯ ಕಾರಣ ವೇಗ. ಮೋಟರ್ ಹಚ್ಚಿದ ಕೂಡಲೆ ಐದು ನಿಮಿಷ ಕೆಂಪು ಇಲ್ಲವೆ ಬೂದು ನೀರು ಬಂದು ಆಮೇಲೆ ತಿಳಿಯಾಗುತ್ತದಲ್ಲ, ಅದು ನಿಂತ ನೀರು ಒಮ್ಮೆಲೆ ಓಡತೊಡಗಿ ಮೈಗೆ ಅಂಟಿದ್ದನ್ನು ಕಿತ್ತು ತಂದದ್ದು. ಬೋರಿನ ಹತ್ತಿರ ನಾಲ್ಕೂ ದಿಕ್ಕಿನ ನೀರು ಸಣ್ಣ ಜಾಗಕ್ಕೆ ನುಗ್ಗುವುದರಿಂದ ವೇಗ ಅಲ್ಲೇ ಹೆಚ್ಚು. ತಾಸಿಗೊಮ್ಮೆ ಹಚ್ಚಿ ಆರಿಸುವುದಕ್ಕಿಂತ ಸಣ್ಣ ಮೋಟರನ್ನು ಒಂದೇ ಸಮ ನಡೆಸುವುದು ಮೇಲು.

ಕಣ ನೀರಿಗಿಂತ ನಿಧಾನ ಹೋಗತಾವೋ, ನೀರಿನ ಸಂಗಾಟ ಹೋಗತಾವೋ?

ಅಂಟದೆ ಉಳಿದ ಕಣ ಒಟ್ಟಾರೆ ನೀರಿಗಿಂತ ಬೇಗ ಹೋಗುತ್ತದೆ! ಈ ಉತ್ತರ ಕೇಳಿ ಎಂಜಿನಿಯರುಗಳೂ ಹುಬ್ಬೇರಿಸುತ್ತಾರೆ. ಕಿಂಡಿಯಲ್ಲಿ ನೀರು ಗೋಡೆಯ ಪಕ್ಕ ನಿಧಾನ, ನಟ್ಟನಡುವೆ ಜೋರು, ಥೇಟ್ ಕಾಲುವೆಯ ಹಾಗೆ. ನೀರಿನ ಜೊತೆಗೇ ಸಾಗುವ ಕರಗಿದ ಉಪ್ಪು ಗೋಡೆಯ ಅಂಚಿನವರೆಗೂ, ತೀರ ಸಣ್ಣ ಸಂದಿಗಳಿಗೂ ಹೋಗಿ ತಿರುಗಾಡಿ ಬರುತ್ತದೆ. ಕಣಕ್ಕೆ ತನ್ನದೇ ಗಾತ್ರವಿದೆ. ಅಂಚಿಗೆ ಹೋಗಲಾರದು, ಸಣ್ಣ ಸಂದಿಗೆ ಹೊಗಲಾರದು, ನಡುದಾರಿಯಲ್ಲೇ ಸಾಗಬೇಕು. ಹಾಗಾಗಿ ಉಪ್ಪಿಗಿಂತ ಮೊದಲು ಆಚೆ ಕಡೆ ಕಾಣಿಸಿಕೊಳ್ಳುತ್ತದೆ.

ಇದರಿಂದ ಒಂದು ದೊಡ್ಡ ಪಾಠ ಸಿಕ್ಕಿದ್ದು ಅಮೆರಿಕದ ನೆವಾಡಾದಲ್ಲಿ. ನೆಲದಡಿ ಅಣುಬಾಂಬ್ ಪರೀಕ್ಷೆ ನಡೆಸಿದ ಜಾಗದಿಂದ ಪ್ಲುಟೋನಿಯಂ 1.3 ಕಿಲೋಮೀಟರ್ ದೂರದ ಬಾವಿಯಲ್ಲಿ ಸಿಕ್ಕಿತು. ಪ್ಲುಟೋನಿಯಂ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಬಂಡೆಗೆ ಅಂಟಿ ನಿಲ್ಲುತ್ತದೆಂದು ನಂಬಿದ್ದರು. ಸುಮಾರು ಮೂವತ್ತು ವರ್ಷದಲ್ಲಿ ಅಷ್ಟು ದೂರ ಹೋದದ್ದು ಕಲಿಲ ಕಣಗಳ ಬೆನ್ನೇರಿ ಎಂದು 1999ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ನಮ್ಮ ಹೊಲಗಳಲ್ಲಿ ಜೇಡಿಯ ಬೆನ್ನೇರುವುದು ಕೀಟನಾಶಕ ಮತ್ತು ರಂಜಕ.

ಎರಿ ಹೊಲ ಬ್ಯಾಸಗ್ಯಾಗ ಬಾಯಿ ಬಿಡತೈತಿ. ಅದರಾಗ ಮೊದಲನೇ ಮಳಿ ನೀರು ಹೋದ್ರ ಚಲೋನ ಅಲ್ಲ?

ನೀರಿನ ಲೆಕ್ಕಕ್ಕೆ ಚಲೋ. ಆದರೆ ಆ ನೀರು ಮಣ್ಣಿನಲ್ಲಿ ಸೋಸಿ ಇಳಿದದ್ದಲ್ಲ. ಕೈ ಹೋಗುವಷ್ಟು ಅಗಲದ ಬಿರುಕಿನಲ್ಲಿ ಮೇಲಿನ ಹುಡಿಮಣ್ಣು, ಗೊಬ್ಬರ, ಸಗಣಿ ಎಲ್ಲವನ್ನೂ ಹೊತ್ತು ನೇರ ಗರಸಿಗೆ ಇಳಿದದ್ದು. ಒಂದೆರಡು ಹದ ಮಳೆಯಾಗಿ ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಅದೇ ಹೊಲದಲ್ಲಿ ನೀರು ನಿಂತುಕೊಳ್ಳುತ್ತದೆ.

ಕರಿಕಲ್ಲಿನ ಬಿರುಕೂ ಹೀಗೇ. ಉಸುಕಿನಲ್ಲಿ ಒಂದು ಮೀಟರ್ ಸಾಗುವಾಗ ಕಣಕ್ಕೆ ಸಾವಿರಾರು ಕಾಳುಗಳು ಎದುರಾಗುತ್ತವೆ, ಬಿರುಕಿನಲ್ಲಿ ಎರಡೇ ಗೋಡೆ. ಆದ್ದರಿಂದ ಬಿರುಕು ನೀರನ್ನು ತಿಳಿ ಮಾಡುವುದರಲ್ಲಿ ಬಡವ. ಕಟ್ಟಿಕೊಳ್ಳುವುದರಲ್ಲಿ ಮಾತ್ರ ಹಿಂದೆ ಬೀಳುವುದಿಲ್ಲ. ಬಿರುಕಿನ ಅಗಲ ಅರ್ಧವಾದರೆ ಹರಿಯುವ ನೀರು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಕೊಳವೆಯಂಥ ರಂಧ್ರವಾದರೆ ಹದಿನಾರನೇ ಒಂದು ಪಾಲಿಗೆ. ಗೋಡೆಗೆ ತೆಳ್ಳಗೆ ಬಳಿದುಕೊಂಡ ರಾಡಿ ಇಡೀ ಬೋರನ್ನು ಸೊರಗಿಸುವುದು ಹೀಗೆ.

ಹೊಲದ ನೀರು ಸೀದಾ ಬೋರಿನ ಕೇಸಿಂಗಿಗೆ ಬಿಡಬಹುದಾ?

ಬೇಡ. ದಯವಿಟ್ಟು ಬೇಡ.

ನಮ್ಮ ಸೋದರಮಾವನ ಬೋರಿನ ಕತೆ ಹೇಳುತ್ತೇನೆ. ಎರಡಿಂಚು ನೀರಿದ್ದ ಬೋರು. ಯಾರೋ ಬಂದು ಕೇಸಿಂಗಿಗೆ ತೂತು ಕೊರೆದು, ಸುತ್ತ ಗುಂಡಿ ತೋಡಿ, ಖಡಿ ತುಂಬಿ, ಹೊಲದ ಬದುವಿನ ನೀರು ತಿರುಗಿಸಿಕೊಟ್ಟು ಹೋದರು. ಖಡಿ ಮುಷ್ಟಿಗಾತ್ರದ್ದು, ಮೇಲೆ ಉಸುಕಿಲ್ಲ. ಮೊದಲ ವರ್ಷ ಗುಂಡಿ ಗಟಗಟ ಕುಡಿಯಿತು, ಊರವರೆಲ್ಲ ಬಂದು ನೋಡಿದರು. ಎರಡನೇ ವರ್ಷ ನಿಧಾನವಾಯಿತು. ಮೂರನೇ ಬೇಸಿಗೆಗೆ ಬೋರಿನಲ್ಲಿ ಅರ್ಧ ಇಂಚೂ ಉಳಿಯಲಿಲ್ಲ, ಪಕ್ಕದ ಹೊಲದ ಬೋರು ಮಾತ್ರ ಮೊದಲಿನಂತೆಯೇ ಇತ್ತು. ಮಾವ ಆ ವರ್ಷ ದಾಳಿಂಬೆ ಗಿಡ ಕಿತ್ತರು. ನಾನಾಗ ಈ ವಿಷಯ ಓದಿಕೊಂಡಿದ್ದೆ, ಹೋಗಿ ನೋಡಿರಲಿಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಎಕರೆಯಿಂದ 10 ಮಿಲಿಮೀಟರ್ ನೀರು ಹರಿದು ಬಂದರೆ ಸುಮಾರು 40,000 ಲೀಟರ್. ಲೀಟರಿಗೆ ಒಂದೇ ಗ್ರಾಂ ಮಣ್ಣಿದೆ ಎಂದುಕೊಂಡರೂ ಒಂದು ಮಳೆಗೆ 40 ಕಿಲೋ. ಹತ್ತು ಮಳೆಗೆ ನಾಲ್ಕು ಕ್ವಿಂಟಲ್ ರಾಡಿಯನ್ನು ಕೂದಲೆಳೆಯಷ್ಟು ಅಗಲದ ಬಿರುಕುಗಳಿಗೆ ತುಂಬಿದ ಹಾಗಾಯಿತು.

ಹೊಲದ ನೀರಿಗೆ ಕೃಷಿ ಹೊಂಡ, ಇಂಗುಗುಂಡಿ, ಇಲ್ಲವೆ ಹಳೇ ತೆರೆದ ಬಾವಿ ಸರಿ, ಅದೂ ಮಣ್ಣು ಇಳಿಸಿದ ಮೇಲೆ. ಬೋರಿಗೆ ಬಿಡುವುದೇ ಆದರೆ ಮಾಳಿಗೆಯ ನೀರು ಬಿಡಿ, ಮೊದಲ ಮಳೆಯದನ್ನು ಹೊರಗೆ ಚೆಲ್ಲಿ, ಉಸುಕಿನಲ್ಲಿ ಸೋಸಿ. 100 ಚದರ ಮೀಟರಿನ ಮಾಳಿಗೆಗೆ 10 ಮಿಲಿಮೀಟರ್ ಮಳೆ ಬಿದ್ದರೆ 1000 ಲೀಟರ್ ಸಿಗುತ್ತದೆ.

ಉಸುಕು ಮ್ಯಾಲೆ ಹಾಕಬೇಕೋ, ಖಡಿ ಮ್ಯಾಲೆ ಹಾಕಬೇಕೋ?

ಗುಂಡಿಯ ತಳಕ್ಕೆ ದೊಡ್ಡ ಕಲ್ಲು, ಅದರ ಮೇಲೆ ಖಡಿ, ಅದರ ಮೇಲೆ ಸಣ್ಣ ಖಡಿ, ಎಲ್ಲಕ್ಕಿಂತ ಮೇಲೆ ತೊಳೆದ ಉಸುಕು. ಕೆಲವರು ತಿರುವುಮುರುವು ಮಾಡುತ್ತಾರೆ, ಮೊದಮೊದಲು ನೀರು ಬೇಗ ಇಳಿಯುವುದರಿಂದ ಸಂತೋಷವೂ ಪಡುತ್ತಾರೆ. ಆದರೆ ರಾಡಿ ಎಲ್ಲಾದರೂ ಒಂದು ಕಡೆ ನಿಲ್ಲಲೇಬೇಕು. ನಿಮ್ಮ ಸಲಿಕೆಗೆ ಸಿಗುವ ಕಡೆ ನಿಲ್ಲುವ ಹಾಗೆ ಮಾಡುವುದೇ ಜಾಣತನ. ಉಸುಕಿನ ಮೇಲೆ ಕೆನೆಗಟ್ಟಿದ ಜೇಡಿಯನ್ನು ಒಣಗಿದಾಗ ಒಂದೆರಡು ಇಂಚು ಕೆರೆದು ತೆಗೆದು ಹೊಸ ಉಸುಕು ಹಾಕಿದರೆ ಗುಂಡಿ ಮತ್ತೆ ಕುಡಿಯುತ್ತದೆ. ವರ್ಷಕ್ಕೊಮ್ಮೆ, ಮೃಗಶಿರಕ್ಕೆ ಮುಂಚೆ ಮಾಡಿ.

ಉಸುಕಿಗೂ ಮೊದಲು ನೀರು ನಿಂತು ಬರುವ ಒಂದು ಹೊಂಡ ಇರಲೇಬೇಕು. ಅಲ್ಲಿ 20 ಮೈಕ್ರಾನಿನ ಮೇಲಿನದು ತಾಸೊಪ್ಪತ್ತಿನಲ್ಲಿ ಇಳಿದುಬಿಡುತ್ತದೆ. ನೀರು ಧುಮುಕಿ ಹೊಂಡಕ್ಕೆ ಬೀಳದಂತೆ ಬಾಯಿಗೆ ಫರಸಿ ಹಾಸಿ, ಬದುವಿಗೆ ಹುಲ್ಲು ಬೆಳೆಸಿ. ಹುಲ್ಲಿನ ಬದು ನೀರಿನ ವೇಗ ತಗ್ಗಿಸಿ ಮಣ್ಣನ್ನು ಹೊಲದಲ್ಲೇ ಉಳಿಸುತ್ತದೆ. ಆ ಮಣ್ಣು ನಿಮ್ಮ ಹೊಲದ್ದೇ, ಬೋರಿಗಿಂತ ಜೋಳಕ್ಕೆ ಬೇಕಾದದ್ದು.

ನಮ್ಮ ಹಿರ್ಯಾರು ಇದನ್ನೆಲ್ಲ ಮಾಡಿದ್ರೇನು?

ವಿಜಯಪುರದಲ್ಲಿ ಇದ್ದವರು ದಿನಾ ಅದರ ಪಕ್ಕದಲ್ಲೇ ಓಡಾಡುತ್ತಾರೆ. ಆದಿಲಶಾಹಿ ಕಾಲದಲ್ಲಿ ತೊರವಿಯ ಕಡೆಯಿಂದ ನೆಲದಡಿಯ ಸುರಂಗದಲ್ಲಿ ನೀರು ತಂದರು, ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಯಲ್ಲಿ ತಂದರು. ಆ ಕೊಳವೆಯ ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂದು ಕರೆಯುವ ಕಲ್ಲಿನ ಗೋಪುರಗಳಿವೆ. ನೀರು ಅದರೊಳಗೆ ಏರಿ, ಒತ್ತಡ ಕಳೆದುಕೊಂಡು, ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿತ್ತು. ನಿಂತಾಗ ಹೂಳು ತಳಕ್ಕೆ. 1620ರ ಸುಮಾರಿನ ತಾಜ್ ಬಾವಡಿಯಂಥ ದೊಡ್ಡ ಬಾವಿಗಳೂ ನೀರಿಗೆ ನಿಲ್ಲಲು ಸಮಯ ಕೊಡುವ ಜಾಗಗಳೇ. ನಾನು ಗಂಜ್ ಕಂಡಾಗಲೆಲ್ಲ ಗಾಡಿ ನಿಲ್ಲಿಸಿ ನೋಡುತ್ತೇನೆ. ಮೈಕ್ರಾನಿನ ಹೆಸರು ಗೊತ್ತಿಲ್ಲದೆ ಅದರ ಪೂರ್ತಿ ವ್ಯವಹಾರ ಬಲ್ಲವರು ಕಟ್ಟಿದ್ದು ಅದು.

ಬಾದಾಮಿ ಹತ್ರದ ಮಹಾಕೂಟದ ಹೊಂಡದ ನೀರು ಅಷ್ಟು ತಿಳಿ ಐತಿ. ಬುಗ್ಗಿ ನೀರು ಹಂಗ ಕುಡೀಬಹುದಾ?

ತಿಳಿಯಾಗಿರುವುದು ಬೇರೆ, ಶುದ್ಧವಾಗಿರುವುದು ಬೇರೆ. ಬ್ಯಾಕ್ಟೀರಿಯಾ ಒಂದೆರಡು ಮೈಕ್ರಾನ್, ವೈರಸ್ಸು ಅದರ ಹತ್ತನೇ ಒಂದು ಪಾಲಿಗಿಂತ ಸಣ್ಣದು. ದಪ್ಪ ಉಸುಕಿನ ನೆಲದಲ್ಲಿ ನಿಧಾನ ಇಳಿದರೆ ಇವು ಅಂಟುತ್ತವೆ, ದಿನ ಕಳೆದಂತೆ ಸಾಯುತ್ತವೆ. ಬಿರುಕಿನ ಬಂಡೆಯಲ್ಲಿ, ಸುಣ್ಣಗಲ್ಲಿನ ಸಂದಿಯಲ್ಲಿ ಓಡಿ ಬಂದರೆ ಅಂಟಲು ಮೈಯೂ ಇಲ್ಲ, ಸಾಯಲು ಸಮಯವೂ ಇಲ್ಲ. ಪಾಯಖಾನೆಯ ಗುಂಡಿಯಿಂದ ಬಾವಿ ಇಷ್ಟು ಮೀಟರ್ ದೂರ ಇರಬೇಕೆಂಬ ಲೆಕ್ಕವನ್ನು ಕರಿಕಲ್ಲಿನ ಊರಿನಲ್ಲಿ ಪೂರ್ತಿ ನಂಬಬೇಡಿ. ಒಂದೇ ಬಿರುಕು ಎರಡನ್ನೂ ಕೂಡಿಸಿದ್ದರೆ ದೂರ ಲೆಕ್ಕಕ್ಕೆ ಬರುವುದಿಲ್ಲ. ಮಳೆ ಬಂದ ಮರುದಿನ ಬೋರಿನ ನೀರು ಬಗ್ಗಡವಾದರೆ ಮೇಲಿನ ನೀರು ಸೋಸದೆ ಒಳಗೆ ಬರುತ್ತಿದೆ ಎಂದರ್ಥ. ಆ ನೀರನ್ನು ಕುದಿಸದೆ ಮಕ್ಕಳಿಗೆ ಕೊಡಬೇಡಿ.

ಉಸುಕಿನ್ಯಾಗ ಸೋಸಿದ್ರ ಫ್ಲೋರೈಡ್, ಸವುಳು ಹೋಗತೈತೇನು?

ಇಲ್ಲ. ಅವು ಕರಗಿದವು, ಕಣಗಳಲ್ಲ.

ಬೋರು ಕಟ್ಟಿಕೊಂಡೈತಿ. ಬಿಡಿಸಬಹುದಾ?

ಕಟ್ಟಿಕೊಂಡದ್ದು ಯಾವುದರಿಂದ ಎಂದು ಮೊದಲು ನೋಡಬೇಕು. ಜೇಡಿಯಿಂದಾದರೆ ಕಂಪ್ರೆಸರ್ ಹಚ್ಚಿ ಗಾಳಿ ಊದಿ, ನೀರನ್ನು ಒಳಗೆ ಹೊರಗೆ ಆಡಿಸಿ ತೊಳೆಸುತ್ತಾರೆ. ಹೊಸದಾಗಿ ಕಟ್ಟಿಕೊಂಡದ್ದಕ್ಕೆ ಗುಣ ಸಿಗುತ್ತದೆ. ಕೊಳವೆಯ ಗೋಡೆಯ ಹತ್ತಿರದ ರಾಡಿಗೆ ಮಾತ್ರ ಇದು ತಲುಪುತ್ತದೆ, ಬಿರುಕಿನಲ್ಲಿ ಮೀಟರುಗಟ್ಟಲೆ ದೂರ ಹೋದದ್ದಕ್ಕೆ ತಲುಪದು. ಕೆಲವೊಮ್ಮೆ ಕಟ್ಟಿಕೊಂಡದ್ದು ಗಾಳಿಯಿಂದ. ಮಳೆನೀರು ಮೇಲಿನಿಂದ ಕೇಸಿಂಗಿನೊಳಗೆ ಧುಮುಕಿದರೆ ಗಾಳಿಗುಳ್ಳೆಗಳನ್ನು ಎಳೆದುಕೊಂಡೇ ಹೋಗುತ್ತದೆ, ಅವು ಕಿಂಡಿಯಲ್ಲಿ ಕೂತು ಗಚ್ಚಿನಷ್ಟೇ ಗಟ್ಟಿಯಾಗಿ ತಡೆಯುತ್ತವೆ. ಪೈಪನ್ನು ನೀರಿನ ಮಟ್ಟದ ಕೆಳಗಿನವರೆಗೆ ಇಳಿಬಿಟ್ಟರೆ ಇದು ತಪ್ಪುತ್ತದೆ. ಲೋಳೆಯಂತೆ ಬೆಳೆಯುವ ಬ್ಯಾಕ್ಟೀರಿಯಾ ಮೂರನೆಯ ಕಾರಣ, ಅದಕ್ಕೆ ಕ್ಲೋರಿನ್ ಬೇಕಾಗುತ್ತದೆ.

ಸೋಸಿದ ನೀರು ಬೋರಿಗೆ ಬಿಡುವಷ್ಟು ತಿಳಿ ಆಗೇದೋ ಇಲ್ಲೋ, ಮನ್ಯಾಗ ನೋಡೂದು ಹೆಂಗ?

ಕುಡಿಯುವ ನೀರಿನ ಬಗ್ಗಡಕ್ಕೆ ಭಾರತೀಯ ಮಾನಕ ಐಎಸ್ 10500, 2012ರ ಆವೃತ್ತಿ, 1 ಎನ್‌ಟಿಯು (ಬಗ್ಗಡ ಅಳೆಯುವ ಮಾನ) ಎಂದು ಮಿತಿ ಹಾಕಿದೆ. ಬೇರೆ ನೀರಿನ ಮೂಲ ಇಲ್ಲದಿದ್ದರೆ 5ರವರೆಗೆ ಒಪ್ಪುತ್ತದೆ. ಬರಿಗಣ್ಣಿಗೆ ಬಗ್ಗಡ ಕಾಣುವುದು ಸುಮಾರು 4 ದಾಟಿದ ಮೇಲೆ. ಅಂದರೆ "ನೋಡಾಕ ತಿಳಿ ಐತ್ರಿ" ಎಂಬ ಮಾತು ಸಾಲದು.

ಸೋಸಿದ ನೀರನ್ನು ಬಣ್ಣವಿಲ್ಲದ ಗಾಜಿನ ಲೋಟದಲ್ಲಿ ತುಂಬಿ, ಕತ್ತಲೆ ಕೋಣೆಗೆ ಒಯ್ಯಿರಿ. ಒಂದು ಪಕ್ಕದಿಂದ ಮೊಬೈಲಿನ ಟಾರ್ಚನ್ನು ಸಣ್ಣ ತೂತಿನ ರಟ್ಟಿನ ಮೂಲಕ ಹಾಯಿಸಿ, ಇನ್ನೊಂದು ಪಕ್ಕದಿಂದ ಅಡ್ಡಲಾಗಿ ನೋಡಿ. ಕಣಗಳಿದ್ದರೆ ಸಿನಿಮಾ ಟಾಕೀಸಿನ ದೂಳಿನಲ್ಲಿ ಬೆಳಕಿನ ಕೋಲು ಕಂಡ ಹಾಗೆ ನೀರಿನೊಳಗೆ ಬೆಳಕಿನ ದಾರಿ ಕಾಣುತ್ತದೆ. ಪಕ್ಕದಲ್ಲಿ ಅಂಗಡಿಯ ಬಾಟಲಿ ನೀರನ್ನು ಇನ್ನೊಂದು ಲೋಟದಲ್ಲಿಟ್ಟು ಹೋಲಿಸಿ. ನಿಮ್ಮ ಲೋಟದ ದಾರಿ ಅದಕ್ಕಿಂತ ಬೆಳ್ಳಗೆ, ದಟ್ಟವಾಗಿ ಕಂಡರೆ ಬೋರಿನ ವಾಲ್ವ್ ತೆಗೆಯಬೇಡಿ. ಉಸುಕು ಕೆರೆದು ಬದಲಿಸಿ, ಹೊಂಡದಲ್ಲಿ ಇನ್ನೂ ಎರಡು ದಿನ ನಿಲ್ಲಿಸಿ, ಮತ್ತೆ ಲೋಟ ತುಂಬಿ ನೋಡಿ.